ರೋಗಿಯ ಹಾಸಿಗೆಯ ಬಳಿ ಕಲಿಯುವವರು: ಶುಶ್ರೂಷಾ ವಿದ್ಯಾರ್ಥಿಗಳ ಸ್ವಭಾವ, ಸಂಬಂಧಗಳು ಮತ್ತು ಮನಸ್ಸಿನ ಒತ್ತಡ

ಸರ್ಕಾರಿ ಆಸ್ಪತ್ರೆಗೆ ಹೋದಾಗ ನೀವು ಅವರನ್ನು ನೋಡಿರುತ್ತೀರಿ. ಸಮವಸ್ತ್ರ ಧರಿಸಿ, ಜೇಬಿನಲ್ಲಿ ಒಂದು ಸಣ್ಣ ಟಿಪ್ಪಣಿ ಪುಸ್ತಕವನ್ನಿಟ್ಟುಕೊಂಡು, ಹಿರಿಯ ಶುಶ್ರೂಷಕಿಯ ಹಿಂದೆ ಹಾಸಿಗೆಯಿಂದ ಹಾಸಿಗೆಗೆ ಹೆಜ್ಜೆ ಹಾಕುವ ಹದಿನೆಂಟು, ಇಪ್ಪತ್ತು ವರ್ಷದ ಹೆಣ್ಣುಮಕ್ಕಳು; ಅವರ ನಡುವೆ ಈಗೀಗ ಕೆಲವು ಗಂಡುಮಕ್ಕಳು. ನಿಮ್ಮ ತಾಯಿಯ ಜ್ವರವನ್ನು ನೋಡಿ ಬರೆದುಕೊಂಡವರು, ನಿಮ್ಮ ಮಗುವಿಗೆ ಚುಚ್ಚುಮದ್ದು ಹಾಕುವಾಗ ಅದರ ಕಾಲನ್ನು ಹಿಡಿದವರು ಅವರೇ ಇರಬಹುದು. ಅವರು ಶುಶ್ರೂಷಕಿಯರಂತೆ ಕಂಡರೂ ಇನ್ನೂ ಕಲಿಯುತ್ತಿರುವವರು. ಅವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಕೇಳುವವರು ಕಡಮೆ. ಈ ಲೇಖನವು ಆ ವಿದ್ಯಾರ್ಥಿಗಳಿಗೆ, ಅವರ ತಂದೆತಾಯಿಗಳಿಗೆ ಮತ್ತು ಅವರಿಗೆ ಕಲಿಸುವ ಹಿರಿಯರಿಗೆ ಉದ್ದೇಶಿಸಿದುದು.

ಶುಶ್ರೂಷೆ ಎಂಬುದು ಹೊಸ ವಿದ್ಯೆಯಲ್ಲ. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ ಎಂಬ ನಾಲ್ಕು ಪಾದಗಳೆಂದು ಚರಕ ಸಂಹಿತೆಯು ಹೇಳುತ್ತದೆ. ಪರಿಚಾರಕನಲ್ಲಿ ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲಿನ ಪ್ರೀತಿ ಮತ್ತು ಶುಚಿತ್ವ ಇರಬೇಕೆಂದು ಅದು ವಿಧಿಸಿದೆ. ಆಧುನಿಕ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆಯನ್ನು ಆರಂಭಿಸಿ, ಈ ವೃತ್ತಿಗೆ ಕ್ರಮಬದ್ಧ ಶಿಕ್ಷಣದ ತಳಹದಿ ಹಾಕಿದರು. ನಮ್ಮ ದೇಶದಲ್ಲಿ 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯಿದೆಯು ಶಿಕ್ಷಣದ ಮಟ್ಟವನ್ನು ಏಕರೂಪಗೊಳಿಸಿತು. ಇಂದು ಎ.ಎನ್.ಎಂ. ತರಬೇತಿ 2 ವರ್ಷ, ಜಿ.ಎನ್.ಎಂ. ಡಿಪ್ಲೊಮಾ 3 ವರ್ಷ, ಬಿ.ಎಸ್ಸಿ. ನರ್ಸಿಂಗ್ ಪದವಿ 4 ವರ್ಷ. ಈ ಮೂರರಲ್ಲಿಯೂ ಪಾಠದ ಕೊಠಡಿಯಷ್ಟೇ ವಾರ್ಡೂ ಮುಖ್ಯ. ಒತ್ತಡವು ಹೆಚ್ಚಾಗಿ ಹುಟ್ಟುವುದು ಆ ವಾರ್ಡಿನಲ್ಲಿಯೇ.

ನಮ್ಮ ನಾಲ್ಕು ತಾಲ್ಲೂಕುಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಯಲ್ಲಿದ್ದು, ಇವು ನಾಲ್ಕೂ ಸೇರಿ ಮಧುಗಿರಿ ಉಪವಿಭಾಗವಾಗುತ್ತವೆ. ಶಾಲಾ ಶಿಕ್ಷಣಕ್ಕೂ ಇವುಗಳದೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಿದೆ. ಮಳೆ ಕಡಮೆ, ಕಡಲೆಕಾಯಿ, ರಾಗಿ, ಹುರುಳಿಗಳನ್ನು ನಂಬಿದ ಬೇಸಾಯ. ಇಲ್ಲಿಯ ಹೆಣ್ಣುಮಗಳೊಬ್ಬಳು ಶುಶ್ರೂಷಾ ತರಬೇತಿಗೆ ಸೇರುವಳೆಂದರೆ, ಅನೇಕ ವೇಳೆ ಆ ಮನೆಯಿಂದ ಹಳ್ಳಿ ಬಿಟ್ಟು ಓದಲು ಹೋಗುವ ಮೊದಲ ಹೆಣ್ಣುಮಗಳು ಅವಳೇ. ಒಂದು ಬೆಳೆಯ ಹಣವೋ, ಕೈಸಾಲವೋ ಅವಳ ಶುಲ್ಕಕ್ಕೆ ಹೋಗಿರುತ್ತದೆ. ಈ ಅರಿವನ್ನು ಹೊತ್ತುಕೊಂಡೇ ಅವಳು ವಾರ್ಡಿಗೆ ಕಾಲಿಡುತ್ತಾಳೆ.

ಪ್ರದೇಶದ ಗುಣವು ಕೆಲಸದ ಗುಣವನ್ನೂ ನಿರ್ಧರಿಸುತ್ತದೆ. ಶಿರಾ ಪಟ್ಟಣವು ಬೆಂಗಳೂರು-ಪುಣೆ ಹೆದ್ದಾರಿಯ ಮೇಲಿರುವುದರಿಂದ ಅಲ್ಲಿ ಅಪಘಾತದ ಗಾಯಾಳುಗಳು ಯಾವ ಹೊತ್ತಿನಲ್ಲಾದರೂ ಬರಬಹುದು. ಪಾವಗಡವು ಬಹುಮಟ್ಟಿಗೆ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ ತಾಲ್ಲೂಕು. ಅಲ್ಲಿ ರೋಗಿಯು ತನ್ನ ನೋವನ್ನು ತೆಲುಗಿನಲ್ಲಿ ಹೇಳಿಕೊಳ್ಳುವುದು ಸಾಮಾನ್ಯ. ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿರುವುದರಿಂದ ಹಲ್ಲು ಮತ್ತು ಮೂಳೆಗಳ ತೊಂದರೆಯುಳ್ಳವರೂ ಅಲ್ಲಿ ಉಂಟು. ಕೊರಟಗೆರೆ, ಮಧುಗಿರಿಗಳ ಹಳ್ಳಿಗಳಿಂದ ಹೆರಿಗೆ ನೋವು ಆರಂಭವಾದ ಬಹಳ ಹೊತ್ತಿನ ಮೇಲೆ ತಾಯಂದಿರು ಬರುವುದುಂಟು. ಹೆಚ್ಚಿನ ಚಿಕಿತ್ಸೆ ಬೇಕಾದಾಗ ತುಮಕೂರಿಗೆ ಕಳುಹಿಸಬೇಕು. ಪಾವಗಡದಿಂದ ಆ ದಾರಿ ಸುಮಾರು 100 ಕಿಲೋಮೀಟರು. ಆಂಬುಲೆನ್ಸ್ ಹೊರಡುವವರೆಗಿನ ಅರ್ಧ ಗಂಟೆಯಲ್ಲಿ ರೋಗಿಯ ಬಳಿ ನಿಂತಿರುವವಳು, ಅನೇಕ ವೇಳೆ, ಕಲಿಯುತ್ತಿರುವ ವಿದ್ಯಾರ್ಥಿನಿ.

ಇದಲ್ಲದೆ ಭಾಷೆಯ ತೊಡಕೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಪಠ್ಯಪುಸ್ತಕ, ಕೇಸ್ ಶೀಟು, ಔಷಧಗಳ ಹೆಸರು ಎಲ್ಲವೂ ಒಮ್ಮೆಗೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಬುದ್ಧಿ ಕಡಮೆಯಿಲ್ಲದಿದ್ದರೂ ಮೊದಲ ಆರು ತಿಂಗಳು ತಾನು ದಡ್ಡಿಯೆಂದು ಅವಳು ಭಾವಿಸಿಕೊಳ್ಳುತ್ತಾಳೆ. ಇದು ಭಾಷೆಯ ಕಷ್ಟವೇ ಹೊರತು ಅವಳ ಕೊರತೆಯಲ್ಲವೆಂಬುದನ್ನು ಯಾರಾದರೊಬ್ಬರು ಅವಳಿಗೆ ಹೇಳುವುದು ಅವಶ್ಯ.

ಒತ್ತಡವೆಂದರೇನು?

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಚಳಿ, ಗಾಯ, ಅತಿ ಶ್ರಮ, ಹೀಗೆ ಬೇರೆ ಬೇರೆ ತೊಂದರೆಗಳಿಗೆ ಒಳಗಾದ ಇಲಿಗಳ ಶರೀರದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಂಡುಬಂದವು. ಈ ಪ್ರತಿಕ್ರಿಯೆಗೆ ಮೂರು ಹಂತಗಳೆಂದು ಅವರು ವಿವರಿಸಿದರು: ಮೊದಲನೆಯದು ಎಚ್ಚರಿಕೆಯ ಹಂತ, ಎರಡನೆಯದು ತಡೆದುಕೊಳ್ಳುವ ಹಂತ, ಮೂರನೆಯದು ಬಳಲಿಕೆಯ ಹಂತ.

ವಾರ್ಡಿನಲ್ಲಿ ಈ ಮೂರು ಹಂತಗಳನ್ನು ಗುರುತಿಸುವುದು ಕಷ್ಟವಲ್ಲ. ಮೊದಲ ಬಾರಿ ಚುಚ್ಚುಮದ್ದು ಕೊಡುವಾಗ ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಇದು ಅಡ್ರಿನಲಿನ್ ಎಂಬ ರಸದೂತದ ಕೆಲಸ, ಇದರಿಂದ ಕೇಡಿಲ್ಲ. ಸ್ವಲ್ಪ ಒತ್ತಡವು ಗಮನವನ್ನು ಚುರುಕುಗೊಳಿಸುತ್ತದೆ. ಎರಡು ಮೂರು ತಿಂಗಳಲ್ಲಿ ಕೈ ಪಳಗುತ್ತದೆ, ಮೈ ಹೊಂದಿಕೊಳ್ಳುತ್ತದೆ. ಆದರೆ ವಿಶ್ರಾಂತಿಯಿಲ್ಲದೆ, ಆಸರೆಯಿಲ್ಲದೆ, ಅವಮಾನದ ಭಯದಲ್ಲಿ ತಿಂಗಳುಗಟ್ಟಲೆ ಅದೇ ಸ್ಥಿತಿ ಮುಂದುವರಿದರೆ ಮೂರನೆಯ ಹಂತ ಬರುತ್ತದೆ. ಆಗ ನಿದ್ರೆ ಕೆಡುತ್ತದೆ, ಹಸಿವು ಅಡಗುತ್ತದೆ, ಮುಟ್ಟು ಏರುಪೇರಾಗುತ್ತದೆ, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಮುಖ್ಯವಾಗಿ, ಕೈ ತಪ್ಪುತ್ತದೆ. ಶುಶ್ರೂಷಕಿಯ ಕೈ ತಪ್ಪಿದರೆ ತೊಂದರೆಯಾಗುವುದು ರೋಗಿಗೆ. ಆದುದರಿಂದ ವಿದ್ಯಾರ್ಥಿನಿಯ ಮನಃಸ್ವಾಸ್ಥ್ಯವು ಅವಳ ಖಾಸಗಿ ವಿಷಯ ಮಾತ್ರವಲ್ಲ. ರೋಗಿಯ ಸುರಕ್ಷತೆಯೂ ಅದರಲ್ಲಿ ಅಡಗಿದೆ.

ಸ್ವಭಾವಕ್ಕೆ ತಕ್ಕಂತೆ ಒತ್ತಡ

ಒಂದೇ ವಾರ್ಡು, ಒಂದೇ ಪಾಳಿ, ಒಂದೇ ಗದರಿಕೆ. ಆದರೂ ಒಬ್ಬಳು ಮರುಕ್ಷಣವೇ ಅದನ್ನು ಮರೆತು ನಗುತ್ತಾಳೆ, ಇನ್ನೊಬ್ಬಳು ಮೂರು ದಿನ ಊಟ ಬಿಡುತ್ತಾಳೆ. ಇದಕ್ಕೆ ಕಾರಣ ಸ್ವಭಾವಭೇದ. ಹ್ಯಾನ್ಸ್ ಐಸೆಂಕ್ ಎಂಬ ಮನಶ್ಶಾಸ್ತ್ರಜ್ಞರು ಮನುಷ್ಯರ ಸ್ವಭಾವವನ್ನು ಅಳೆಯಲು ಎರಡು ಅಳತೆಗೋಲುಗಳನ್ನು ಮುಂದಿಟ್ಟರು: ಒಂದು, ವ್ಯಕ್ತಿಯು ಬಹಿರ್ಮುಖಿಯೋ ಅಂತರ್ಮುಖಿಯೋ ಎಂಬುದು; ಮತ್ತೊಂದು, ಭಾವನೆಗಳು ಎಷ್ಟು ಬೇಗ ಕದಡುತ್ತವೆ ಎಂಬುದು. ಎಲ್ಲರೂ ಈ ಅಳತೆಗೋಲುಗಳ ಮೇಲೆ ಎಲ್ಲೋ ಒಂದು ಕಡೆ ನಿಲ್ಲುತ್ತಾರೆ. ವಾರ್ಡುಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ನಾಲ್ಕು ಬಗೆಗಳನ್ನು ಇಲ್ಲಿ ಹೇಳಬಹುದು.

1. ಚುರುಕು ಸ್ವಭಾವದವಳು. ರೋಗಿಗಳೊಡನೆ ಬೇಗ ಬೆರೆಯುತ್ತಾಳೆ, ಎಲ್ಲರಿಗೂ ಬೇಕಾಗುತ್ತಾಳೆ. ಆದರೆ ಆತುರದಲ್ಲಿ ಔಷಧದ ಚೀಟಿಯನ್ನು ಎರಡನೆಯ ಬಾರಿ ಓದುವುದನ್ನು ಮರೆಯಬಹುದು. ಇವಳು ಕಲಿಯಬೇಕಾದುದು ನಿಧಾನ.

2. ಮೌನ ಸ್ವಭಾವದವಳು. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾಳೆ. ಆದರೆ ಸಂದೇಹ ಬಂದರೂ ಕೇಳುವುದಿಲ್ಲ. ಇವಳ ಮೌನವನ್ನು ಹಿರಿಯರು ಅಹಂಕಾರವೆಂದೋ ಅಸಡ್ಡೆಯೆಂದೋ ತಿಳಿಯುವುದುಂಟು. ಇವಳಿಗೆ ಪ್ರಶ್ನೆ ಕೇಳುವ ಧೈರ್ಯ ಬೇಕು. ಅದಕ್ಕಿಂತ ಹೆಚ್ಚಾಗಿ, ಕೇಳಿಸಿಕೊಳ್ಳುವ ಹಿರಿಯರು ಬೇಕು.

3. ಅಳುಕಿನ ಸ್ವಭಾವದವಳು. ಮಾಡಿದ ಕೆಲಸವನ್ನು ಹತ್ತು ಬಾರಿ ನೋಡುತ್ತಾಳೆ. ರಾತ್ರಿ ಹಾಸ್ಟೆಲಿನಲ್ಲಿ ಮಲಗಿದ ಮೇಲೂ ಡ್ರಿಪ್ಪಿನ ನಲ್ಲಿಯನ್ನು ಸರಿಯಾಗಿ ತಿರುಗಿಸಿದೆನೇ ಎಂದು ಚಿಂತಿಸುತ್ತಾಳೆ. ಸರಿಯಾದ ಮಾರ್ಗದರ್ಶನ ಸಿಕ್ಕರೆ ಈ ಎಚ್ಚರವೇ ಇವಳನ್ನು ಅತ್ಯುತ್ತಮ ಶುಶ್ರೂಷಕಿಯನ್ನಾಗಿ ಮಾಡಬಲ್ಲುದು. ಗದರಿಕೆಯೊಂದೇ ಸಿಕ್ಕರೆ ಇವಳು ಮುದುಡಿಹೋಗುತ್ತಾಳೆ.

4. ತನ್ನ ಮೇಲೆ ತಾನೇ ಕಟುವಾಗಿರುವವಳು. ತರಗತಿಯಲ್ಲಿ ಮೊದಲಿಗಳು, ಸಣ್ಣ ತಪ್ಪನ್ನೂ ಸಹಿಸಳು. ಯಾರ ಬಳಿಯೂ ಸಹಾಯ ಕೇಳಳು. ಹೊರಗೆ ಗಟ್ಟಿಯಾಗಿ ಕಾಣುವ ಇವಳ ಕಡೆ ಯಾರ ಗಮನವೂ ಹೋಗುವುದಿಲ್ಲ. ಆದುದರಿಂದಲೇ ಇವಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಇವುಗಳಲ್ಲಿ ಯಾವುದೂ ಶುಶ್ರೂಷೆಗೆ ಅಯೋಗ್ಯವಾದ ಸ್ವಭಾವವಲ್ಲ. “ಇವಳ ಸ್ವಭಾವಕ್ಕೆ ಈ ಕೆಲಸ ಆಗಿಬರುವುದಿಲ್ಲ” ಎಂದು ಮೊದಲ ವರ್ಷದಲ್ಲಿಯೇ ತೀರ್ಪು ಕೊಡುವುದು ತಪ್ಪು. ತನ್ನ ಸ್ವಭಾವವನ್ನು ತಾನು ಅರಿತವಳು ಅದರ ಕುಂದನ್ನು ಅಭ್ಯಾಸದಿಂದ ತುಂಬಿಕೊಳ್ಳಬಲ್ಲಳು.

ಸಂಬಂಧಗಳ ಜಾಲ

ವಿದ್ಯಾರ್ಥಿನಿಯ ದಿನವು ಐದು ಬಗೆಯ ಸಂಬಂಧಗಳಲ್ಲಿ ಹಂಚಿಹೋಗಿರುತ್ತದೆ: ರೋಗಿ, ರೋಗಿಯ ಕಡೆಯವರು, ಹಿರಿಯ ಸಿಸ್ಟರು ಮತ್ತು ವೈದ್ಯರು, ಸಹಪಾಠಿಗಳು, ಮನೆಯವರು.

ರೋಗಿಯೊಡನೆ ಸಂಬಂಧ ಬೆಳೆಯುವುದು ಸಹಜ. ಹತ್ತು ದಿನ ಕೈಯಾರೆ ಗಂಜಿ ಕುಡಿಸಿದ ಅಜ್ಜಿಯು ಹನ್ನೊಂದನೆಯ ದಿನ ತೀರಿಕೊಂಡರೆ ವಿದ್ಯಾರ್ಥಿನಿಯ ಕಣ್ಣು ಒದ್ದೆಯಾಗದಿರಲಾರದು. ಅತ್ತರೆ ಅದು ದುರ್ಬಲತೆಯಲ್ಲ. ಆದರೆ ಅಂದೇ ಆ ಹಾಸಿಗೆಯ ಹೊದಿಕೆಯನ್ನು ಬದಲಾಯಿಸಿ, ಮತ್ತೊಬ್ಬ ರೋಗಿಯನ್ನು ನಗುಮುಖದಿಂದ ಬರಮಾಡಿಕೊಳ್ಳಬೇಕಾಗುತ್ತದೆ. ಈ ಕೆಲಸವನ್ನು ಹೇಗೆ ಮಾಡಬೇಕೆಂದು ಯಾವ ಪಠ್ಯವೂ ಪೂರ್ತಿಯಾಗಿ ಕಲಿಸಲಾರದು. ಹಿರಿಯಳೊಬ್ಬಳು ಪಕ್ಕದಲ್ಲಿ ಕುಳಿತು, “ಮೊದಲ ಸಲ ನನಗೂ ಹೀಗೆಯೇ ಆಗಿತ್ತಮ್ಮ” ಎಂದು ಹೇಳುವ ಒಂದು ಮಾತೇ ಅಲ್ಲಿ ಔಷಧ.

ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿಯು ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯ ಶುಶ್ರೂಷಾ ವ್ಯವಸ್ಥೆಯನ್ನು ಅಭ್ಯಸಿಸಿ 1960ರಲ್ಲಿ ಪ್ರಕಟಿಸಿದ ಪ್ರಬಂಧವು ಈ ವಿಷಯದಲ್ಲಿ ಇಂದಿಗೂ ಬೆಲೆಯುಳ್ಳದ್ದು. ಅಲ್ಲಿ ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ತರಬೇತಿಯನ್ನು ಮುಗಿಸದೆ ಬಿಟ್ಟುಹೋಗುತ್ತಿದ್ದರು. ನೋವು ಮತ್ತು ಸಾವಿನ ಸಾಮೀಪ್ಯದಿಂದ ಹುಟ್ಟುವ ಆತಂಕವನ್ನು ತಡೆಯಲು ಆಸ್ಪತ್ರೆಯು ತನಗೆ ತಿಳಿಯದೆಯೇ ಕೆಲವು ಪದ್ಧತಿಗಳನ್ನು ಕಟ್ಟಿಕೊಂಡಿತ್ತೆಂದು ಅವರು ತೋರಿಸಿದರು. ರೋಗಿಯನ್ನು ಹೆಸರಿನಿಂದಲ್ಲದೆ ಹಾಸಿಗೆಯ ಸಂಖ್ಯೆಯಿಂದಲೋ ರೋಗದಿಂದಲೋ ಕರೆಯುವುದು, ಯಾವ ರೋಗಿಯ ಹತ್ತಿರವೂ ಹೆಚ್ಚು ಹೊತ್ತು ಇರದಂತೆ ಕೆಲಸವನ್ನು ತುಂಡು ತುಂಡಾಗಿ ಹಂಚುವುದು, ಭಾವನೆಯನ್ನು ತೋರಿಸಿದವರನ್ನು ಗದರುವುದು ಅಂತಹ ಪದ್ಧತಿಗಳು. ಇವು ಆತಂಕವನ್ನು ಕಣ್ಮರೆ ಮಾಡಿದವೇ ಹೊರತು ಕಡಮೆ ಮಾಡಲಿಲ್ಲ. ಕೆಲಸದಲ್ಲಿ ದೊರೆಯಬೇಕಾದ ತೃಪ್ತಿಯನ್ನೂ ಕಿತ್ತುಕೊಂಡವು. ಹಾಗೆ ಬಿಟ್ಟುಹೋದವರಲ್ಲಿ ಉತ್ತಮ ವಿದ್ಯಾರ್ಥಿನಿಯರೂ ಇದ್ದರೆಂಬುದು ಗಮನಾರ್ಹ. ನಮ್ಮ ವಾರ್ಡುಗಳಲ್ಲಿ “ಐದನೇ ಬೆಡ್ಡು” ಎಂದು ಕರೆಯುವಾಗ ನಾವೂ ಕ್ಷಣಕಾಲ ಯೋಚಿಸುವುದು ಒಳ್ಳೆಯದು. ತಾತ, ಅಜ್ಜಿ, ಅಕ್ಕ, ಅಣ್ಣ ಎಂಬ ಮಾತುಗಳು ನಮ್ಮ ಭಾಷೆಯಲ್ಲಿ ಸಿದ್ಧವಾಗಿಯೇ ಇವೆ.

ರೋಗಿಯ ಕಡೆಯವರ ಕೋಪವು ಬಹಳ ಸಲ ಎರಗುವುದು ವಾರ್ಡಿನಲ್ಲಿ ಎಲ್ಲರಿಗಿಂತ ಕಿರಿಯಳಾದವಳ ಮೇಲೆ. ಆಂಬುಲೆನ್ಸ್ ತಡವಾದರೂ ಅವಳದೇ ತಪ್ಪು, ಔಷಧ ಹೊರಗೆ ತರಬೇಕೆಂದರೂ ಅವಳದೇ ತಪ್ಪು. ವಾಚಕರೇ, ಆಸ್ಪತ್ರೆಯಲ್ಲಿ ನಿಮಗೆ ದೂರು ಇದ್ದರೆ ಅದನ್ನು ವೈದ್ಯಾಧಿಕಾರಿಗೆ ಹೇಳಿರಿ. ನಿಮ್ಮ ಮಗಳ ವಯಸ್ಸಿನ ವಿದ್ಯಾರ್ಥಿನಿಯು ಆ ದೂರನ್ನು ಪರಿಹರಿಸಲಾರಳು. ಅದರ ಗಾಯವನ್ನು ಮಾತ್ರ ಹೊರಬಲ್ಲಳು.

ಹಿರಿಯರೊಡನೆ ಇರುವ ಸಂಬಂಧವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ರೋಗಿಗಳ ಮುಂದೆ ಗದರಿಸಿದರೆ ವಿದ್ಯಾರ್ಥಿನಿಯು ಪಾಠವನ್ನು ಕಲಿಯುವುದಿಲ್ಲ, ತಪ್ಪನ್ನು ಮುಚ್ಚಿಡುವುದನ್ನು ಕಲಿಯುತ್ತಾಳೆ. ಬಳಸಿದ ಸೂಜಿ ಕೈಗೆ ಚುಚ್ಚಿತೆಂದಿಟ್ಟುಕೊಳ್ಳಿ. ಬೈಗುಳಕ್ಕೆ ಹೆದರಿದವಳು ಅದನ್ನು ಯಾರಿಗೂ ಹೇಳದೆ ಬೆರಳನ್ನು ಒರೆಸಿಕೊಂಡು ಸುಮ್ಮನಾಗುತ್ತಾಳೆ. ಮಾಡಬೇಕಾದುದಾದರೋ ಬೇರೆ: ಆ ಜಾಗವನ್ನು ಹಿಂಡದೆ, ಬಾಯಿಗಿಡದೆ, ಹರಿಯುವ ನೀರು ಮತ್ತು ಸಾಬೂನಿನಿಂದ ತೊಳೆದು, ಕೂಡಲೇ ವರದಿ ಮಾಡಬೇಕು. ಎಚ್.ಐ.ವಿ. ತಡೆಯುವ ಔಷಧವನ್ನು ಆದಷ್ಟು ಬೇಗ, ಸಾಧ್ಯವಾದರೆ 2 ಗಂಟೆಗಳೊಳಗೆ, ತಪ್ಪಿದರೆ 72 ಗಂಟೆಗಳೊಳಗೆ ಆರಂಭಿಸಬೇಕು. 28 ದಿನ ಮುಂದುವರಿಸಬೇಕು. ಹೆಪಟೈಟಿಸ್ ಬಿ ಲಸಿಕೆಯ 3 ಸೂಜಿಗಳನ್ನು ವಾರ್ಡಿನ ಕೆಲಸಕ್ಕೆ ಮೊದಲೇ ಆರಂಭಿಸಿರಬೇಕು. ಹೆದರಿಕೆಯಿಂದ ಮುಚ್ಚಿಟ್ಟ ಒಂದು ಸಣ್ಣ ಗಾಯವು ಒಂದು ಜೀವನವನ್ನೇ ಹಾಳುಮಾಡಬಹುದೆಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಸಹಪಾಠಿಗಳ ಸ್ನೇಹವು ಆಸರೆಯೂ ಹೌದು, ಕೆಲವೊಮ್ಮೆ ಹೊರೆಯೂ ಹೌದು. ಪಾಳಿ ಬದಲಾಯಿಸಿಕೊಳ್ಳುವುದು, ಟಿಪ್ಪಣಿ ಹಂಚಿಕೊಳ್ಳುವುದು, ಊರಿನಿಂದ ಬಂದ ಚಟ್ನಿಪುಡಿಯನ್ನು ಹಂಚಿಕೊಂಡು ತಿನ್ನುವುದು ಒತ್ತಡವನ್ನು ಇಳಿಸುತ್ತವೆ. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಪೀಡಿಸುವುದು ತಮಾಷೆಯಲ್ಲ, ಅಪರಾಧ. ಹಾಗೆಯೇ, ಯಾರಿಂದಲಾದರೂ ಲೈಂಗಿಕ ಕಿರುಕುಳವಾದರೆ ಸಹಿಸಿಕೊಳ್ಳಬೇಕಾದ ಅಗತ್ಯವಿಲ್ಲ. 2013ರ ಕಾಯಿದೆಯಂತೆ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲಿಯೂ ದೂರು ವಿಚಾರಿಸುವ ಆಂತರಿಕ ಸಮಿತಿಯಿರಬೇಕು. ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು.

ಅಪಾಯದ ಚಿಹ್ನೆಗಳು

ಕೆಳಗಿನ ಲಕ್ಷಣಗಳು ಎರಡು ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ಉದಾಸೀನ ಮಾಡಬಾರದು: ನಿದ್ರೆ ಬಾರದಿರುವುದು ಅಥವಾ ಎಷ್ಟು ಮಲಗಿದರೂ ಆಯಾಸ ತೀರದಿರುವುದು, ಮೇಲಿಂದ ಮೇಲೆ ತಲೆನೋವು, ಹೊಟ್ಟೆನೋವು, ಕಾರಣವಿಲ್ಲದೆ ಅಳು ಅಥವಾ ಸಿಡುಕು, ಪಾಳಿಯ ಸಮಯ ಸಮೀಪಿಸಿದಂತೆ ವಾಕರಿಕೆ, ಗೆಳತಿಯರಿಂದ ದೂರ ಸರಿಯುವುದು, ರೋಗಿಗಳ ಬಗ್ಗೆ ಕಲ್ಲಿನಂತಹ ನಿರ್ಭಾವ. “ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು” ಎಂಬಂತಹ ಮಾತು ಬಂದರೆ ಎರಡು ವಾರ ಕಾಯಬಾರದು. ಅವಳನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲ ಆಯಾಸವೂ ಮನಸ್ಸಿನದೇ ಎಂದು ತಿಳಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಮೆಯಿದ್ದರೆ ಸುಸ್ತು, ಏಕಾಗ್ರತೆಯ ಕೊರತೆ, ಸಿಡುಕು ಎಲ್ಲವೂ ಬರಬಹುದು. ಹಾಗೆ ಸುಸ್ತಾದವಳನ್ನು ಸೋಮಾರಿ ಎನ್ನುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ನ್ಯಾಯ.

ವಿದ್ಯಾರ್ಥಿಗಳಿಗೆ ಕೆಲವು ಸಲಹೆಗಳು

1. ತಿಂಡಿ ತಿನ್ನದೆ ಬೆಳಗಿನ ಪಾಳಿಗೆ ಹೋಗಬೇಡಿ. ರಾಗಿ, ಹುರುಳಿ, ಸೊಪ್ಪು, ಕಡಲೆಕಾಯಿ ನಮ್ಮ ನೆಲದ ಅಗ್ಗದ ಪುಷ್ಟಿ ಆಹಾರಗಳು. ಊಟದೊಡನೆ ನಿಂಬೆಹಣ್ಣು ಸೇವಿಸಿದರೆ ಕಬ್ಬಿಣಾಂಶವು ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಕೂಡಲೇ ಕಾಫಿ, ಟೀ ಕುಡಿದರೆ ಅದು ಕಡಮೆಯಾಗುತ್ತದೆ.

2. ರಾತ್ರಿ ಪಾಳಿಯ ನಂತರ ಕೊಠಡಿಯನ್ನು ಕತ್ತಲು ಮಾಡಿಕೊಂಡು ಮಲಗಿರಿ. ಮೊಬೈಲನ್ನು ದೂರವಿಡಿ. ಹಗಲು ನಿದ್ರೆಯನ್ನು ತ್ಯಜಿಸಿ ಬಟ್ಟೆ ಒಗೆಯುವುದನ್ನು ಶ್ರದ್ಧೆಯೆಂದು ಭಾವಿಸಬೇಡಿ.

3. ಆದೇಶವನ್ನು ಕೇಳಿದೊಡನೆ ಅದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳಿ. ಸಂದೇಹವಿದ್ದರೆ ಕೇಳಿರಿ. ಕೇಳಿದ್ದಕ್ಕಾಗಿ ಸಿಗುವ ಗದರಿಕೆಯು ಕೇಳದೆ ಆಗುವ ಅನಾಹುತಕ್ಕಿಂತ ಹಗುರ.

4. ತಪ್ಪಾದರೆ ಮರೆಮಾಚಬೇಡಿ. ರೋಗಿಯನ್ನು ಉಳಿಸಲು ಮೊದಲ ನಿಮಿಷಗಳೇ ಮುಖ್ಯ.

5. ಮನಸ್ಸು ಬಿಚ್ಚಿ ಮಾತನಾಡಲು ಒಬ್ಬರನ್ನಾದರೂ ಆರಿಸಿಕೊಳ್ಳಿ. ರೋಗಿಯ ಗುಟ್ಟನ್ನು ಕಾಪಾಡಬೇಕು. ಆದರೆ ನಿಮ್ಮ ದುಃಖವನ್ನು ಗುಟ್ಟಾಗಿಡಬೇಕೆಂಬ ನಿಯಮವಿಲ್ಲ.

6. ಭಯವಾದಾಗ ಒಂದು ನಿಮಿಷ ಬದಿಗೆ ನಿಂತು ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ನಾಡಿಯ ಬಡಿತ ಇಳಿಯುತ್ತದೆ, ಕೈ ಸ್ಥಿಮಿತಕ್ಕೆ ಬರುತ್ತದೆ.

ತಂದೆತಾಯಿಗಳಿಗೆ

ಮಗಳು ಫೋನಿನಲ್ಲಿ, “ನನಗೆ ಇಲ್ಲಿ ಆಗುತ್ತಿಲ್ಲಪ್ಪ, ಬಂದುಬಿಡುತ್ತೇನೆ” ಎಂದರೆ ಎರಡು ಬಗೆಯ ಉತ್ತರಗಳು ಕೇಳಿಬರುವುದು ವಾಡಿಕೆ. ಒಂದು, “ಇಷ್ಟು ದುಡ್ಡು ಸುರಿದಿದ್ದೇವೆ, ಸುಮ್ಮನೆ ಓದು” ಎಂಬುದು. ಇನ್ನೊಂದು, “ಬಂದುಬಿಡು, ಒಳ್ಳೆಯ ಸಂಬಂಧ ಬಂದಿದೆ, ಮದುವೆ ಮಾಡಿಬಿಡುತ್ತೇವೆ” ಎಂಬುದು. ಎರಡರಲ್ಲಿಯೂ ಅವಳ ಮಾತಿಗೆ ಕಿವಿಗೊಟ್ಟಂತಾಗಲಿಲ್ಲ. ಏನಾಯಿತೆಂದು ಕೇಳಿರಿ, ಪೂರ್ತಿಯಾಗಿ ಕೇಳಿರಿ. ಸಾಧ್ಯವಾದರೆ ಮರುದಿನವೇ ಬಸ್ಸು ಹತ್ತಿ ಹೋಗಿ ಅವಳನ್ನು ನೋಡಿ, ಪ್ರಾಂಶುಪಾಲರೊಡನೆ ಮಾತನಾಡಿ. ಎರಡು ದಿನದ ರಜೆ, ಅಮ್ಮನ ಕೈಯೂಟ, ಒಂದು ಸಮಾಧಾನದ ಮಾತು ಇಷ್ಟರಿಂದಲೇ ಮರಳಿ ಹೋಗಿ ತರಬೇತಿ ಮುಗಿಸಿದವರಿದ್ದಾರೆ. ಪ್ರತಿ ಕರೆಯಲ್ಲಿಯೂ ಮನೆಯ ಸಾಲದ ಲೆಕ್ಕವನ್ನು ಹೇಳಬೇಡಿ. ಅದು ಅವಳಿಗೆ ತಿಳಿದೇ ಇದೆ. ರಾತ್ರಿ ಪಾಳಿಯ ಬಗ್ಗೆ ನೆಂಟರು ಆಡುವ ಹಗುರವಾದ ಮಾತುಗಳಿಗೆ ಅವಳ ಪರವಾಗಿ ನೀವೇ ಉತ್ತರ ಕೊಡಿ.

ಕಲಿಸುವ ಹಿರಿಯರಿಗೆ

ತಿದ್ದುವುದಿದ್ದರೆ ರೋಗಿಗಳಿಂದ ದೂರ ಕರೆದು ತಿದ್ದಿರಿ. ಮೊದಲ ಸಾವನ್ನು ಕಂಡ ದಿನ ವಿದ್ಯಾರ್ಥಿಯೊಡನೆ ಐದು ನಿಮಿಷ ಮಾತನಾಡಿರಿ. ಸಿಬ್ಬಂದಿಯ ಕೊರತೆಯನ್ನು ವಿದ್ಯಾರ್ಥಿಗಳಿಂದ ತುಂಬಿಸುವ ಅಭ್ಯಾಸವನ್ನು ಬಿಡಿರಿ. ಅವರು ವಾರ್ಡಿಗೆ ಬಂದಿರುವುದು ಕಲಿಯಲು. ಚೆನ್ನಾಗಿ ಮಾಡಿದ ಕೆಲಸವನ್ನು ಚೆನ್ನಾಗಿದೆಯೆಂದು ಬಾಯಿಬಿಟ್ಟು ಹೇಳಿರಿ. ಇವುಗಳಲ್ಲಿ ಯಾವುದಕ್ಕೂ ಅನುದಾನ ಬೇಕಿಲ್ಲ.

ಹಳ್ಳಿಗಳಲ್ಲಿ ಜನರು ಇಂದಿಗೂ “ನರಸಮ್ಮ” ಎಂದು ಕರೆಯುವ ಆಕೆಯೇ ಬಸುರಿಯ ರಕ್ತದೊತ್ತಡವನ್ನು ನೋಡುವವಳು, ಕೂಸಿಗೆ ಲಸಿಕೆ ಹಾಕುವವಳು, ಎರಡನೆಯ ಹೆರಿಗೆಗೆ ಅಂತರವಿರಲೆಂದು ಸೊಸೆಗೂ ಅತ್ತೆಗೂ ತಿಳಿಹೇಳುವವಳು. ಇಂದು ವಾರ್ಡಿನ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ವಿದ್ಯಾರ್ಥಿನಿಯು ನಾಳೆ ಆ ನರಸಮ್ಮನಾಗಬೇಕಾದವಳು. ಅವಳು ಅರ್ಧಕ್ಕೇ ಮನೆಗೆ ಮರಳಿದರೆ ನಷ್ಟವಾಗುವುದು ಒಂದು ಮನೆಗೆ ಮಾತ್ರವಲ್ಲ. ತುಮಕೂರಿನಿಂದ ದೂರವಿರುವ ಎಷ್ಟೋ ಹಳ್ಳಿಗಳ ತಾಯಂದಿರಿಗೆ. ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ಅವಳ ಹೆಸರನ್ನು ಕೇಳಿರಿ, ಊರನ್ನು ಕೇಳಿರಿ, ಊಟವಾಯಿತೇ ಎಂದು ಕೇಳಿರಿ. ರೋಗಿಗಳನ್ನು ದಿನವಿಡೀ ವಿಚಾರಿಸುವವಳನ್ನು ಒಮ್ಮೆಯಾದರೂ ವಿಚಾರಿಸುವುದು ನಮ್ಮೆಲ್ಲರ ಕರ್ತವ್ಯ.